ನಕ್ಷೆಯ ಹಿಂದಿನ ಮನುಷ್ಯ: ವಿಲಿಯಂ ಲ್ಯಾಂಬ್ಟನ್ ಮತ್ತು ನಮ್ಮ ಸೀಮೆ

ನಮ್ಮ ಶಾಲೆಯ ಭೂಗೋಳದ ಕಪಾಟಿನಲ್ಲಿ ಬಟ್ಟೆಗೆ ಅಂಟಿಸಿ ಮಡಿಸಿಟ್ಟ ಎರಡು ನಕ್ಷೆಗಳಿವೆ. ಭಾರತೀಯ ಸರ್ವೇಕ್ಷಣ ಇಲಾಖೆಯವರು 1:50,000 ಪ್ರಮಾಣದಲ್ಲಿ ಮುದ್ರಿಸಿದ ಸ್ಥಳಾಕೃತಿ ನಕ್ಷೆಗಳವು. ನೆಲದ ಮೇಲಿನ ಒಂದು ಕಿಲೋಮೀಟರು ಅವುಗಳ ಮೇಲೆ ಎರಡು ಸೆಂಟಿಮೀಟರಾಗಿ ಕುಗ್ಗಿದೆ. 57 ಎಚ್/14 ಎಂಬ ಸಂಖ್ಯೆಯ ಹಾಳೆಯಲ್ಲಿ ಹೊಸೂರು, ಮತ್ತಿಗಿರಿ, ಕೆಲಮಂಗಲ, ಡೆಂಕಣಿಕೋಟೆಗಳಿವೆ. 57 ಎಲ್/2 ಎಂಬ ಹಾಳೆಯಲ್ಲಿ ಕೃಷ್ಣಗಿರಿಯಿದೆ. ಮಡಿಕೆಗಳು ಸವೆದು ಊರುಗಳ ಹೆಸರುಗಳಲ್ಲಿ ಕೆಲವು ಅಳಿಸಿಹೋಗಿದ್ದರೂ, ಈ ಹಾಳೆಗಳನ್ನು ಮೇಜಿನ ಮೇಲೆ ಹರಡಿ ತಮ್ಮ ತಮ್ಮ ಹಳ್ಳಿಯನ್ನು ಬೆರಳಿಟ್ಟು ಹುಡುಕಿದ ನೆನಪು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಇದ್ದೀತು.

ನಕ್ಷೆ ಓದುವುದನ್ನು ಕಲಿಸುವಾಗ ನಾವು ಬಣ್ಣಗಳಿಂದ ಆರಂಭಿಸುತ್ತೇವೆ. ಬೇಸಾಯದ ನೆಲ ಹಳದಿ, ಕಾಡು ಹಸಿರು, ನೀರು ನೀಲಿ, ಮನೆ ಮತ್ತು ರಸ್ತೆ ಕೆಂಪು. ಆಮೇಲೆ ಕಂದು ಬಣ್ಣದ ಸಮೋನ್ನತಿ ರೇಖೆಗಳು. ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಜೋಡಿಸುವ ಈ ಗೆರೆಗಳು ಇಪ್ಪತ್ತು ಮೀಟರಿಗೊಂದರಂತೆ ಬರುತ್ತವೆ. ಹೊಸೂರಿನ ಹಾಳೆಯಲ್ಲಿ ಅವು ಒಂದರಿಂದೊಂದು ಬಹುದೂರ ಹಾಯಾಗಿ ಹರಿದಾಡಿವೆ. ಅಲ್ಲಲ್ಲಿ ಒಂಟಿ ಬಂಡೆಗುಡ್ಡದ ಸುತ್ತ ಮಾತ್ರ ಬೆರಳಚ್ಚಿನಂತೆ ಬಿಗಿದುಕೊಂಡಿವೆ. ಪೂರ್ವಕ್ಕೆ ಸರಿದು ಕೃಷ್ಣಗಿರಿಯ ಹಾಳೆಗೆ ಕಾಲಿಟ್ಟ ಕೂಡಲೇ ಗೆರೆಗಳು ಒತ್ತೊತ್ತಾಗುತ್ತವೆ. ಹೊಸೂರಿನಿಂದ ಬಸ್ಸಿನಲ್ಲಿ ಕೃಷ್ಣಗಿರಿಗೆ ಹೋಗುವವರು ಶೂಲಗಿರಿ ದಾಟಿದ ಮೇಲೆ ಕಿವಿಯಲ್ಲಿ ಅನುಭವಿಸುವ 300 ಮೀಟರಿಗೂ ಮಿಗಿಲಾದ ಇಳಿತ ಅದೇ. ಘಟ್ಟದ ಮೇಲಿನದು ಬಾಲಘಾಟು, ಕೆಳಗಿನದು ಬಾರಾಮಹಲು ಎಂದು ಹಿಂದಿನವರು ಹೆಸರಿಟ್ಟದ್ದು ಈ ಮೆಟ್ಟಿಲಿನ ಆಧಾರದ ಮೇಲೆಯೇ.

ಇಷ್ಟನ್ನು ಹೇಳಿ ಮುಗಿಸಿದ ಮೇಲೆ ಯಾವುದಾದರೊಂದು ಮಗು, ಬೆಟ್ಟದ ನೆತ್ತಿಯ ಮೇಲೆ ಚುಕ್ಕೆಯಿಟ್ಟ ಪುಟ್ಟ ತ್ರಿಕೋನವನ್ನು ತೋರಿಸಿ ಅದೇನೆಂದು ಕೇಳುವುದು ಪ್ರತಿವರ್ಷದ ರೂಢಿ. ಅದು ತ್ರಿಕೋನಮಾಪನ ಕೇಂದ್ರದ ಗುರುತು ಎಂದು ಒಂದು ಮಾತಿನಲ್ಲಿ ಉತ್ತರಿಸಬಹುದು. ಆದರೆ ಆ ಉತ್ತರದ ಹಿಂದೆ ಒಬ್ಬ ಮನುಷ್ಯನ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಬದುಕಿದೆ, ಮತ್ತು ಆ ಬದುಕು ನಮ್ಮ ಊರುಗಳ ನಡುವೆಯೇ ಹಾದುಹೋಗಿದೆ. ಶತಮಾನೋತ್ಸವದ ಈ ಸಂದರ್ಭದಲ್ಲಿ ಆ ಕಥೆಯನ್ನು ಬರೆದಿಡುವುದು ಉಚಿತವೆಂದು ನಮಗೆ ತೋರಿದೆ.

ವಿಲಿಯಂ ಲ್ಯಾಂಬ್ಟನ್ ಅವರು ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ನಾರ್ತಲರ್ಟನ್ ಬಳಿಯ ಹಳ್ಳಿಗಾಡಿನಲ್ಲಿ ಹುಟ್ಟಿದರು. ಮನೆತನ ಸಾಮಾನ್ಯವಾದದ್ದು. ಗಣಿತದಲ್ಲಿ ಅವರಿಗಿದ್ದ ಗತಿಯನ್ನು ಊರಿನವರು ಗುರುತಿಸಿದರು. ಅದೇ ಅವರ ಆಸ್ತಿಯಾಯಿತು. ಸೈನ್ಯಕ್ಕೆ ಸೇರಿ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಲು ಹೋದ ಅವರು, 1781ರಲ್ಲಿ ಯಾರ್ಕ್‌ಟೌನಿನಲ್ಲಿ ಬ್ರಿಟಿಷ್ ಪಡೆ ಶರಣಾದಾಗ ಸೆರೆಯಾದರು. ಬಿಡುಗಡೆಯ ನಂತರ ಕೆನಡಾದ ನ್ಯೂ ಬ್ರನ್ಸ್‌ವಿಕ್ ಸೀಮೆಯಲ್ಲಿ ಸುಮಾರು ಹದಿಮೂರು ವರ್ಷ ಕಳೆದರು. ಸೈನಿಕರ ವಸತಿಗಳನ್ನು ನೋಡಿಕೊಳ್ಳುವುದು, ಹೊಸದಾಗಿ ಬಂದು ನೆಲಸಿದವರಿಗೆ ಭೂಮಿಯನ್ನು ಅಳೆದುಕೊಡುವುದು ಅಲ್ಲಿನ ಕೆಲಸ. ಸೂರ್ಯಗ್ರಹಣವೊಂದನ್ನು ಸೂಕ್ತ ಗಾಜಿಲ್ಲದೆ ವೀಕ್ಷಿಸಿ ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡದ್ದೂ ಆ ಕಾಲದಲ್ಲೇ. ಮುಂದೆ ಅರ್ಧ ಜೀವಮಾನ ದೂರದರ್ಶಕದಲ್ಲಿ ಇಣುಕಿ ಕೋನಗಳನ್ನು ಅಳೆದವರು ಒಂಟಿಗಣ್ಣಿನವರೆಂಬುದನ್ನು ನಾವು ಮಕ್ಕಳಿಗೆ ಹೇಳದೆ ಬಿಡುವುದಿಲ್ಲ. ನಲವತ್ತು ದಾಟಿದರೂ ಅವರು ಇನ್ನೂ ಕಿರಿಯ ಅಧಿಕಾರಿಯೇ. ಅವರ ಜೊತೆಯವರೆಲ್ಲ ಮೇಲೇರಿದ್ದರು.

33ನೆಯ ಪದಾತಿದಳದೊಂದಿಗೆ ಅವರು ಭಾರತಕ್ಕೆ ಬಂದರು. ಆ ದಳದ ಮುಖ್ಯಸ್ಥರು ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವರು ಅವರೇ. 1799ರಲ್ಲಿ ಟಿಪ್ಪು ಸುಲ್ತಾನರ ವಿರುದ್ಧ ಕಂಪನಿಯು ಹೂಡಿದ ಕೊನೆಯ ಯುದ್ಧ ಲ್ಯಾಂಬ್ಟನ್ ಅವರನ್ನು ನಮ್ಮ ನೆಲಕ್ಕೆ ತಂದಿತು. ಅಂದಿನ ಗಡಿಯನ್ನು ಇಲ್ಲಿ ನೆನಪಿಸಿಕೊಳ್ಳಬೇಕು. 1792ರ ಒಪ್ಪಂದದಿಂದ ಬಾರಾಮಹಲು, ಅಂದರೆ ಕೃಷ್ಣಗಿರಿಯ ಸೀಮೆ, ಕಂಪನಿಗೆ ಸೇರಿತ್ತು. ರಾಯಕೋಟೆಯ ದುರ್ಗವೂ ಅವರ ಕೈಯಲ್ಲಿತ್ತು. ಅದರಾಚೆಯ ಕೆಲಮಂಗಲ, ಡೆಂಕಣಿಕೋಟೆ, ಹೊಸೂರುಗಳು ಇನ್ನೂ ಮೈಸೂರಿನವು. ವೆಲ್ಲೂರಿನಿಂದ ಹೊರಟ ಜನರಲ್ ಹ್ಯಾರಿಸನ ಸೈನ್ಯ ಮಾರ್ಚ್ ತಿಂಗಳ ಮೊದಲ ವಾರದಲ್ಲಿ ರಾಯಕೋಟೆಯಿಂದ ಗಡಿಯನ್ನು ದಾಟಿ, ಸುತ್ತಲ ಸಣ್ಣ ಗಿರಿದುರ್ಗಗಳನ್ನು ಹಿಡಿದು, ಕೆಲಮಂಗಲದಲ್ಲಿ ಬೀಡುಬಿಟ್ಟಿತು. ತೋಪುಗಳನ್ನೆಳೆಯುವ ಎತ್ತುಗಳು, ದವಸದ ಮೂಟೆ ಹೊತ್ತ ಬಂಜಾರರು, ಆನೆಗಳು, ಸಹಸ್ರಾರು ಸೈನಿಕರು, ಅವರಿಗಿಂತ ಹೆಚ್ಚಾಗಿದ್ದ ಶಿಬಿರದ ಪರಿವಾರ, ಇವೆಲ್ಲ ರಾಗಿ ಕೊಯ್ದ ಹೊಲಗಳ ಮೇಲೆ ಹಾದುಹೋದ ದಿನಗಳವು. ಆ ಗುಂಪಿನಲ್ಲಿ ಲ್ಯಾಂಬ್ಟನ್ ಅವರೂ ಇದ್ದರು. ನಮ್ಮ ನೆಲವನ್ನು ಅಳೆದವರು ಮೊದಲು ಅದನ್ನು ತುಳಿಯಲು ಬಂದವರು. ಇದನ್ನು ಮುಚ್ಚಿಟ್ಟು ಅವರ ಜೀವನವನ್ನು ಹೇಳುವುದು ಸಾಧ್ಯವಿಲ್ಲ.

ಶ್ರೀರಂಗಪಟ್ಟಣದ ಮುಂದೆ ನಡೆದ ಒಂದು ಪ್ರಸಂಗ ಅವರ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. ಏಪ್ರಿಲ್ ತಿಂಗಳ ಒಂದು ರಾತ್ರಿ ಜನರಲ್ ಬೇರ್ಡನ ತುಕಡಿ ಕತ್ತಲೆಯಲ್ಲಿ ತನ್ನ ಪಾಳೆಯಕ್ಕೆ ಮರಳುತ್ತಿತ್ತು. ಲ್ಯಾಂಬ್ಟನ್ ಅವರು ಆಕಾಶವನ್ನು ನೋಡುತ್ತ ನಡೆಯುತ್ತಿದ್ದರು. ನಕ್ಷತ್ರಗಳ ಸ್ಥಾನದಿಂದ ತಾವು ಉತ್ತರಕ್ಕಲ್ಲ, ದಕ್ಷಿಣಕ್ಕೆ, ನೇರವಾಗಿ ಟಿಪ್ಪುವಿನ ಸೈನ್ಯದ ಕಡೆಗೆ ಹೋಗುತ್ತಿದ್ದೇವೆಂದು ಅವರಿಗೆ ತಿಳಿಯಿತು. ಮೇಲಧಿಕಾರಿಗೆ ತಪ್ಪು ತೋರಿಸುವುದು ಸೈನ್ಯದಲ್ಲಿ ಸುಲಭದ ಕೆಲಸವಲ್ಲ; ಆದರೂ ಹೇಳಿದರು. ದಿಕ್ಸೂಚಿಯನ್ನು ತೆಗೆದು ನೋಡಿದಾಗ ಅವರ ಮಾತು ಸರಿಯಾಗಿತ್ತು, ತುಕಡಿ ಹಿಂದಿರುಗಿತು. ತಾವಿರುವ ಜಾಗವನ್ನು ಆಕಾಶದಿಂದ ತಿಳಿಯಬಹುದೆಂಬ ಈ ವಿಶ್ವಾಸವೇ ಮುಂದಿನ ಅವರ ಕಾಯಕಕ್ಕೆ ಬುನಾದಿ.

ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ರಾಜ್ಯ ಹಂಚಿಹೋಯಿತು. ಹೊಸೂರು ಸೀಮೆ ಕಂಪನಿಯ ಪಾಲಾಗಿ, ಮೈಸೂರಿನಿಂದ ಬೇರ್ಪಟ್ಟು ಸೇಲಂ ಜಿಲ್ಲೆಗೆ ಸೇರಿತು. 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ ಹುಟ್ಟಿದಾಗಲೂ ಆ ವರ್ಷದ ಗೆರೆ ಹೆಚ್ಚು ಕದಲಲಿಲ್ಲ. ಕನ್ನಡ ಮಾತನಾಡುವ ನಮ್ಮ ಹಳ್ಳಿಗಳು ಒಂದು ರಾಜ್ಯದ ಅಂಚಿನಲ್ಲಿ ನಿಂತದ್ದರ ಮೂಲ ಅಂದಿನ ಹಂಚಿಕೆಯಲ್ಲಿದೆ.

ಹೊಸದಾಗಿ ದಕ್ಕಿದ ನಾಡಿನ ನಕ್ಷೆ ಆಳುವವರಿಗೆ ಬೇಕಾಗಿತ್ತು. ಊರು, ಕೆರೆ, ಕೋಟೆ, ಸಾಗುವಳಿಗಳ ವಿವರವನ್ನು ದಾಖಲಿಸುವ ಮೈಸೂರು ಸರ್ವೇಕ್ಷಣೆ ಕಾಲಿನ್ ಮೆಕೆಂಜಿ ಅವರಿಗೆ ವಹಿಸಲ್ಪಟ್ಟಿತು. ಲ್ಯಾಂಬ್ಟನ್ ಅವರು ಮುಂದಿಟ್ಟ ಯೋಜನೆ ಬೇರೆಯದು. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ತ್ರಿಕೋನಗಳ ಸರಣಿಯನ್ನು ಹೆಣೆದು, ಯಾವ ನಕ್ಷೆಗಾದರೂ ಅಲುಗಾಡದ ಚೌಕಟ್ಟನ್ನು ಒದಗಿಸಬೇಕು. ಜೊತೆಗೆ ಭೂಮಿಯ ಆಕಾರವನ್ನೇ ಅಳೆಯಬೇಕು. 1800ರಲ್ಲಿ ಅನುಮತಿ ದೊರೆಯಿತು. ಅದೂ ಸುಲಭವಾಗಿ ಅಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವರು ಪಲ್ಲಕ್ಕಿ ಹೊರುವವರಿಗೆ ಹೇಳಿದರೆ ಸಾಕು, ಅದಕ್ಕಾಗಿ ಇಷ್ಟು ಹಣ ಸುರಿಯಬೇಕೆ ಎಂದು ಮದರಾಸಿನ ಹಣಕಾಸಿನ ಅಧಿಕಾರಿಯೊಬ್ಬರು ಕುಹಕವಾಡಿದರಂತೆ. ಪಲ್ಲಕ್ಕಿಯವರಿಗೆ ದಾರಿ ತಿಳಿದಿತ್ತೆಂಬುದು ನಿಜವೇ. ದೂರ ತಿಳಿದಿರಲಿಲ್ಲ.

ಉಪಕರಣಗಳ ಕಥೆಯೇ ಒಂದು ಪ್ರವಾಸಕಥನದಂತಿದೆ. ಲಂಡನ್ನಿನ ರಾಮ್ಸ್‌ಡನ್ ತಯಾರಿಸಿದ ನೂರು ಅಡಿಯ ಉಕ್ಕಿನ ಸರಪಳಿ ಮತ್ತು ನಕ್ಷತ್ರಗಳ ಎತ್ತರವನ್ನು ಅಳೆಯುವ ಸಾಧನ ಚೀನಾದ ಚಕ್ರವರ್ತಿಗೆಂದು ಕಳುಹಿಸಿದ ಕಾಣಿಕೆಗಳಲ್ಲಿದ್ದವು. ಅಲ್ಲಿ ಸ್ವೀಕೃತವಾಗದೆ ಕಲ್ಕತ್ತೆಗೆ ಬಂದು ಬಿದ್ದಿದ್ದವು. ಕೋನಗಳನ್ನು ಅಳೆಯುವ ಮಹಾ ಥಿಯೊಡೊಲೈಟ್ ಯಂತ್ರ ಸುಮಾರು ಅರ್ಧ ಟನ್ನು ತೂಕದ್ದು. ಇಂಗ್ಲೆಂಡಿನಿಂದ ಬರುವ ದಾರಿಯಲ್ಲಿ ಫ್ರೆಂಚರ ಯುದ್ಧನೌಕೆಗೆ ಸಿಕ್ಕಿ ಮಾರಿಷಸಿಗೆ ಹೋಯಿತು. ವಿಜ್ಞಾನದ ಸಾಧನವೆಂದು ತಿಳಿದ ಮೇಲೆ ಅಲ್ಲಿನ ಅಧಿಕಾರಿಗಳು ಶತ್ರುಗಳಾಗಿದ್ದರೂ ಅದನ್ನು ಮದರಾಸಿಗೆ ಕಳುಹಿಸಿಕೊಟ್ಟರು. ಅದು ತಲುಪಿದ್ದು 1802ರಲ್ಲಿ.

ಅಷ್ಟರಲ್ಲಿ ಲ್ಯಾಂಬ್ಟನ್ ಅವರು ಸುಮ್ಮನೆ ಕುಳಿತಿರಲಿಲ್ಲ. 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಹೊರವಲಯದ ಬಯಲಿನಲ್ಲಿ ಏಳು ಮೈಲಿಗೂ ಉದ್ದದ ಆಧಾರರೇಖೆಯೊಂದನ್ನು ಅಳೆದರು. ಈ ಅಳತೆಯ ಶ್ರಮವನ್ನು ಊಹಿಸಿಕೊಳ್ಳಬೇಕು. ಸರಪಳಿಯನ್ನು ನೆಲದ ಮೇಲೆ ಎಳೆಯುವಂತಿಲ್ಲ. ಗೂಟಗಳ ಮೇಲೆ ನಿಲ್ಲಿಸಿದ ಮರದ ತೊಟ್ಟಿಗಳಲ್ಲಿ ಅದನ್ನು ನೇರವಾಗಿ ಮಲಗಿಸಬೇಕು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಆದ್ದರಿಂದ ಮೇಲೆ ಡೇರೆಯ ನೆರಳು ಬೇಕು, ಪಕ್ಕದಲ್ಲಿ ಉಷ್ಣಮಾಪಕ ಬೇಕು. ನೂರು ಅಡಿ ಮುಗಿದ ಮೇಲೆ ಎಲ್ಲವನ್ನೂ ಎತ್ತಿ ಮುಂದಿನ ನೂರು ಅಡಿಗೆ ಇಡಬೇಕು. ಹೀಗೆ ಏಳು ಮೈಲಿ. 1802ರ ಏಪ್ರಿಲ್ ಮತ್ತು ಮೇ ತಿಂಗಳ ಸುಡುಬಿಸಿಲಿನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇದೇ ಕೆಲಸ ಮತ್ತೊಮ್ಮೆ ನಡೆಯಿತು. ಭಾರತದ ಮಹಾ ತ್ರಿಕೋನಮಾಪನ ಆರಂಭವಾದದ್ದು ಈ ರೇಖೆಯಿಂದಲೇ ಎಂದು ಎಣಿಸುವುದು ವಾಡಿಕೆ.

ಒಂದು ಭುಜದ ಉದ್ದ ಮತ್ತು ಎರಡು ಕೋನಗಳು ತಿಳಿದರೆ ತ್ರಿಕೋನದ ಉಳಿದ ಭುಜಗಳನ್ನು ಲೆಕ್ಕದಿಂದ ಪಡೆಯಬಹುದೆಂಬುದನ್ನು ನಮ್ಮ ಪ್ರೌಢಶಾಲೆಯ ಮಕ್ಕಳು ಬಲ್ಲರು. ಲ್ಯಾಂಬ್ಟನ್ ಅವರ ಸಂಪೂರ್ಣ ವಿಧಾನ ಅಷ್ಟೇ. ಅಳೆದ ರೇಖೆಯ ಎರಡು ತುದಿಗಳಿಂದ ದೂರದ ಬೆಟ್ಟವೊಂದನ್ನು ನೋಡಿ ಕೋನ ಅಳೆಯುವುದು, ಆ ತ್ರಿಕೋನದ ಭುಜವನ್ನೇ ಆಧಾರವಾಗಿಟ್ಟು ಮುಂದಿನ ಬೆಟ್ಟಕ್ಕೆ ಹೋಗುವುದು. ಹೀಗೆ ಮದರಾಸಿನಿಂದ ಪಶ್ಚಿಮಕ್ಕೆ ಘಟ್ಟವೇರಿ ಅವರು 1804ರಲ್ಲಿ ಮೈಸೂರಿನ ಪ್ರಸ್ಥಭೂಮಿಯನ್ನು ಮುಟ್ಟಿದರು. ಬೆಂಗಳೂರಿನ ಬಳಿ ಮತ್ತೊಂದು ಆಧಾರರೇಖೆಯನ್ನು ಅವರ ಸಹಾಯಕ ಜಾನ್ ವಾರನ್ ನಿಜವಾದ ಸರಪಳಿಯಿಂದ ಅಳೆದರು. ಮೈಸೂರಿನ ಪೂರ್ವ ಗಡಿಯ ಅಳತೆಯಲ್ಲಿದ್ದಾಗ, 1802ರಲ್ಲಿ, ಕೋಲಾರದ ಚಿನ್ನದ ಸುದ್ದಿಯನ್ನು ಬೆನ್ನತ್ತಿ ಹೋದ ವಾರನ್ ಅವರೇ ಇವರು. ಮದರಾಸಿನಿಂದ ಲೆಕ್ಕ ಹಾಕುತ್ತ ತಂದ ಉದ್ದಕ್ಕೂ ಇಲ್ಲಿ ಕೈಯಾರೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ. ಏಳು ಮೈಲಿಯ ರೇಖೆಯಲ್ಲಿ ನಾಲ್ಕು ಇಂಚು! ನಮ್ಮ ಆಟದ ಮೈದಾನದ ಉದ್ದವನ್ನು ಎರಡು ಗುಂಪುಗಳಿಂದ ಟೇಪು ಹಿಡಿಸಿ ಅಳೆಸಿದರೆ ಇದಕ್ಕಿಂತ ಹೆಚ್ಚಿನ ವ್ಯತ್ಯಾಸ ಬರುತ್ತದೆ; ನಾವೇ ಮಾಡಿ ನೋಡಿದ್ದೇವೆ.

ಬೆಂಗಳೂರಿನಿಂದ ತ್ರಿಕೋನಗಳು ಎರಡು ದಾರಿ ಹಿಡಿದವು. ಒಂದು ಪಶ್ಚಿಮಕ್ಕೆ, ಕರಾವಳಿಯ ಕಡೆಗೆ. ಇನ್ನೊಂದು ದಕ್ಷಿಣಕ್ಕೆ, ಕೊಯಮತ್ತೂರಿನ ಮಾರ್ಗವಾಗಿ ಕನ್ಯಾಕುಮಾರಿಯ ಕಡೆಗೆ. ಈ ಎರಡನೆಯದೇ ಮುಂದೆ ಮಹಾಚಾಪವೆಂದು ಹೆಸರಾದ ಉದ್ದನೆಯ ಸರಣಿಯ ಭಾಗ, ಮತ್ತು ಅದು ಹಾದುಹೋದದ್ದು ಇಂದಿನ ಕೃಷ್ಣಗಿರಿ ಜಿಲ್ಲೆಯ ಪಶ್ಚಿಮದ ಬೆಟ್ಟಗಳ ಮೇಲೆ. ಅವರ ಕೇಂದ್ರಗಳ ಪಟ್ಟಿಯಲ್ಲಿ ನಂದಿದುರ್ಗ, ಸಾವನದುರ್ಗ, ಬನ್ನೇರುಘಟ್ಟಗಳ ಜೊತೆಗೆ ನಮ್ಮ ತಳಿ ಸೀಮೆಯ ದೇವರಬೆಟ್ಟವೂ ಇದೆ. ಬಯಲು ನಾಡನ್ನು ಅಳೆಯಲು ಬೆಟ್ಟವೇ ಬೇಕು. ಹೊಲದಲ್ಲಿ ನಿಂತವನಿಗೆ ಎದುರಿನ ತೆಂಗಿನ ತೋಪಿನಿಂದಾಚೆ ಏನೂ ಕಾಣದು. ಕಾಡುಗಿಡಗಳನ್ನು ಸವರಿ, ಅರ್ಧ ಟನ್ನಿನ ಯಂತ್ರವನ್ನು ಹೆಗಲ ಮೇಲೆ ಬೆಟ್ಟದ ನೆತ್ತಿಗೆ ಏರಿಸಿ, ಇನ್ನೊಂದು ಬೆಟ್ಟದ ಮೇಲೆ ನೆಟ್ಟ ಬಾವುಟವೋ ರಾತ್ರಿ ಹಚ್ಚಿದ ದೀಪವೋ ಮಂಜು ಧೂಳುಗಳ ನಡುವೆ ಒಂದು ಕ್ಷಣ ಸ್ಪಷ್ಟವಾಗಿ ಕಾಣುವವರೆಗೆ ದಿನಗಟ್ಟಲೆ ಕಾಯಬೇಕಿತ್ತು.

ಆ ಹೆಗಲುಗಳು ಯಾರವು? ದೀಪ ಹಿಡಿದು ಚಿರತೆ ತಿರುಗುವ ಬೆಟ್ಟದ ಮೇಲೆ ಒಂಟಿಯಾಗಿ ರಾತ್ರಿ ಕಳೆದವರು ಯಾರು? ಲ್ಯಾಂಬ್ಟನ್ ಅವರ ವರದಿಗಳಲ್ಲಿ ಕೋನಗಳು ಸೆಕೆಂಡಿನ ಭಾಗದವರೆಗೆ ದಾಖಲಾಗಿವೆ, ಸರಪಳಿಯ ಉಷ್ಣಾಂಶ ದಾಖಲಾಗಿದೆ. ಹೊತ್ತವರ ಹೆಸರುಗಳು ದಾಖಲಾಗಿಲ್ಲ. ಅವರ ಜೀವನ ಹೇಳುವಾಗ ನಾವು ಈ ಕೊರತೆಯನ್ನು ಕೊರತೆಯೆಂದೇ ಹೇಳಲು ಬಯಸುತ್ತೇವೆ.

ಜನರ ಹೆಸರು ಉಳಿಯದಿದ್ದರೂ ಬೆಟ್ಟದ ಹೆಸರು ಉಳಿಯಿತು. ದೇವರಬೆಟ್ಟವನ್ನು ಅವರು ತಮ್ಮ ಲಿಪಿಯಲ್ಲಿ ಡಿಯೋರಾಬೆಟ್ಟ ಎಂದು ಓದುವಂತೆ ಬರೆದುಕೊಂಡರು. ಕಿವಿಗೆ ಬಿದ್ದದ್ದನ್ನು ಬರೆದದ್ದರಿಂದಲೇ ಅದು ನಮಗೆ ಬೆಲೆಯುಳ್ಳದ್ದಾಗಿದೆ. ಇನ್ನೂರು ವರ್ಷಗಳ ಹಿಂದೆ ಅಲ್ಲಿನ ದಾರಿ ತೋರಿಸಿದವರ ಬಾಯಲ್ಲಿ ಅದು ಬೆಟ್ಟವೇ ಆಗಿತ್ತೆಂಬುದಕ್ಕೆ ಅದಕ್ಕಿಂತ ನಿಷ್ಪಕ್ಷಪಾತದ ಸಾಕ್ಷಿ ಬೇಕಿಲ್ಲ. ನಮ್ಮ ಸೀಮೆಯ ನಕ್ಷೆಯಲ್ಲಿ ಬೆಟ್ಟ, ಮಲೈ, ಕೊಂಡಗಳು ಅಕ್ಕಪಕ್ಕದಲ್ಲಿ ನಿಂತಿವೆ. ಹಳ್ಳಿ ಪಳ್ಳಿಯಾಗಿದೆ, ಪಳ್ಳಿ ಪಲ್ಲಿಯಾಗಿದೆ. ರಾಜಾಜಿಯವರು ಹುಟ್ಟಿದ ತೊರಪಳ್ಳಿ ಹೊಸೂರಿನ ಹಾಳೆಯಲ್ಲೇ ಇದೆ. ಆ ಹೆಸರನ್ನು ಓದಿದಾಗ ಕನ್ನಡದ ತೊರೆ ನಮ್ಮ ಮಕ್ಕಳ ಕಿವಿಗೆ ತಾನಾಗಿ ಬೀಳುತ್ತದೆ. ಇಂಗ್ಲಿಷ್ ಲಿಪಿಯಿಂದ ಕನ್ನಡಕ್ಕೆ ಹೆಸರುಗಳನ್ನು ಮರಳಿ ತರುವ ಒಂದು ಅಭ್ಯಾಸವನ್ನು ನಾವು ಒಂಬತ್ತನೆಯ ತರಗತಿಯಲ್ಲಿ ಮಾಡಿಸುತ್ತೇವೆ. ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ ಎಂದು ಕಳುಹಿಸಿದರೆ, ನಕ್ಷೆಯಲ್ಲಿ ಇಲ್ಲದ ಹೊಲ, ಕಟ್ಟೆ, ಬಂಡೆಗಳ ಹೆಸರುಗಳೂ ಪುಸ್ತಕದಲ್ಲಿ ತುಂಬಿಬರುತ್ತವೆ.

ಒಮ್ಮೆ ಇದೇ ಹಾಳೆಯನ್ನು ಹಿಡಿದು ಮಕ್ಕಳೊಂದಿಗೆ ಕೆರೆಗಳನ್ನು ನೋಡಲು ಹೊರಟೆವು. ನಕ್ಷೆಯಲ್ಲಿ ನಮ್ಮ ಕೆರೆಗಳು ಒಂಟಿಯಾಗಿರುವುದಿಲ್ಲ. ಸಮೋನ್ನತಿ ರೇಖೆ ಒಳಕ್ಕೆ ಬಾಗಿದಲ್ಲಿ ಹಳ್ಳವಿದೆಯೆಂದು ತಿಳಿಯಬೇಕು. ಆ ಹಳ್ಳಕ್ಕೆ ಅಡ್ಡಲಾಗಿ ಏರಿ, ಏರಿಯ ಮೇಲ್ಭಾಗದಲ್ಲಿ ನೀಲಿ, ಕೆಳಭಾಗದಲ್ಲಿ ಗದ್ದೆಯ ಹಳದಿ. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆಗೆ, ಅದು ತುಂಬಿದರೆ ಮುಂದಿನದಕ್ಕೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಹೊಸೂರಿನ ಬಳಿ ಕೆಲವರಪಳ್ಳಿ ಅಣೆಕಟ್ಟನ್ನು, ಮುಂದೆ ಕೃಷ್ಣಗಿರಿ ಅಣೆಕಟ್ಟನ್ನು ತುಂಬಿಸುವ ಈ ನದಿಯನ್ನು ತಮಿಳಿನಲ್ಲಿ ಪೊನ್ನೈಯಾರ್ ಎನ್ನುತ್ತಾರೆ. ಕಾಗದದ ಮೇಲೆ ಹೀಗೆ ಮಾಲೆಯಂತೆ ಕಂಡ ಕೆರೆಗಳಲ್ಲಿ ಮೂರನೆಯದನ್ನು ಹುಡುಕಿ ಹೋದಾಗ ಅಲ್ಲಿ ಮನೆಗಳ ಸಾಲಿತ್ತು. ದಾರಿ ತಪ್ಪಿದೆವೆಂದುಕೊಂಡು ದಿಕ್ಸೂಚಿ ಇಟ್ಟು ಮತ್ತೆ ಎಣಿಸಿದೆವು, ತಪ್ಪಿರಲಿಲ್ಲ. ಒಬ್ಬ ಹುಡುಗಿ ರಸ್ತೆಯ ಒಂದು ತುಣುಕು ಅಕ್ಕಪಕ್ಕದ ನೆಲಕ್ಕಿಂತ ಎತ್ತರವಾಗಿರುವುದನ್ನು ಗಮನಿಸಿದಳು. ಅದು ಹಳೆಯ ಏರಿ. ಅದರ ತುದಿಯ ಮೋರಿಯಲ್ಲಿ ಕಲ್ಲಿನ ತೂಬಿನ ಒಂದು ಕಂಬ ಇನ್ನೂ ನಿಂತಿತ್ತು. ಮಳೆ ಬಂದಾಗ ಆ ಬೀದಿಯ ಮನೆಗಳಿಗೆ ನೀರು ನುಗ್ಗುವುದೇಕೆಂದು ಅಲ್ಲಿನವರು ನಮ್ಮನ್ನು ಕೇಳಿದರು. ಮಕ್ಕಳು ನಕ್ಷೆಯನ್ನು ಬಿಚ್ಚಿ ತೋರಿಸಿದರು.

ಮತ್ತೆ ಲ್ಯಾಂಬ್ಟನ್ ಅವರ ಬಳಿಗೆ ಬರೋಣ. ತ್ರಿಕೋನಗಳು ಎರಡು ಕಡಲುಗಳನ್ನು ಜೋಡಿಸಿದಾಗ, ಮದರಾಸಿನ ಅಕ್ಷಾಂಶದಲ್ಲಿ ಪರ್ಯಾಯ ದ್ವೀಪದ ಅಗಲ ಅಂದಿನ ನಕ್ಷೆಗಳು ತೋರಿಸುತ್ತಿದ್ದ 400 ಮೈಲಿಯಲ್ಲ, ಸುಮಾರು 360 ಮೈಲಿಯೆಂದು ತಿಳಿದುಬಂತು. ನಲವತ್ತು ಮೈಲಿ ಅಗಲದ ನಾಡು ಇಲ್ಲದೆಯೇ ನಕ್ಷೆಯಲ್ಲಿತ್ತು! ಅವರಿಗೆ ಇನ್ನೂ ಹೆಚ್ಚು ತಲೆನೋವು ತಂದದ್ದು ಬೆಂಗಳೂರಿನ ಬಳಿಯ ದೊಡ್ಡಗುಂಟೆ ಎಂಬ ಕೇಂದ್ರ. ಅಲ್ಲಿ ನಕ್ಷತ್ರಗಳಿಂದ ಪಡೆದ ಅಕ್ಷಾಂಶ ನೆಲದ ಮೇಲಿನ ಅಳತೆಗೆ ಹೊಂದಲಿಲ್ಲ. ತಮ್ಮ ಲೆಕ್ಕವನ್ನು ಮತ್ತೆ ಮತ್ತೆ ಪರೀಕ್ಷಿಸಿದ ಮೇಲೆ, ಭೂಮಿಯೊಳಗಿನ ಭಾರವಾದ ಶಿಲೆ ತೂಕದ ಗುಂಡನ್ನು ಪಕ್ಕಕ್ಕೆ ಸೆಳೆಯುತ್ತಿರಬೇಕೆಂದು ಅವರು ಶಂಕಿಸಿದರು. ಲಂಬವೆಂದು ನಾವು ನಂಬಿದ ದಾರವೂ ನೆಲದ ಸ್ವಭಾವಕ್ಕೆ ತಕ್ಕಂತೆ ಓರೆಯಾಗಬಹುದೆಂಬ ಈ ವಿಚಾರ ಮುಂದೆ ಭೂವಿಜ್ಞಾನದಲ್ಲಿ ದೊಡ್ಡದಾಗಿ ಬೆಳೆಯಿತು.

1808ರಲ್ಲಿ ತಂಜಾವೂರಿನಲ್ಲಿ ದುರಂತ ಸಂಭವಿಸಿತು. ಬಯಲು ನಾಡಿನಲ್ಲಿ ಬೆಟ್ಟವಿಲ್ಲದ ಕಾರಣ ಬೃಹದೀಶ್ವರ ದೇವಾಲಯದ ಎತ್ತರದ ಗೋಪುರಕ್ಕೆ ಥಿಯೊಡೊಲೈಟನ್ನು ಹಗ್ಗದಿಂದ ಏರಿಸುತ್ತಿದ್ದಾಗ ಹಗ್ಗ ಸಡಿಲಿ ಯಂತ್ರ ಗೋಡೆಗೆ ಅಪ್ಪಳಿಸಿತು. ಕೋನಗಳನ್ನು ಕೊರೆದ ಅದರ ಮಹಾವೃತ್ತ ಸೊಟ್ಟಗಾಯಿತು. ಬೇರೆ ಯಾರಾದರೂ ಹೊಸ ಯಂತ್ರಕ್ಕಾಗಿ ಇಂಗ್ಲೆಂಡಿಗೆ ಬರೆದು ವರ್ಷಗಟ್ಟಲೆ ಕಾಯುತ್ತಿದ್ದರು. ಲ್ಯಾಂಬ್ಟನ್ ಅವರು ಡೇರೆಯೊಳಗೆ ಸೇರಿ, ಒಬ್ಬಿಬ್ಬರು ಕುಶಲಕರ್ಮಿಗಳ ಹೊರತು ಯಾರನ್ನೂ ಬಿಟ್ಟುಕೊಳ್ಳದೆ, ಬೆಣೆ, ತಿರುಪು, ರಾಟೆಗಳಿಂದ ಆ ವೃತ್ತವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಎಳೆದು ಆರು ವಾರಗಳಲ್ಲಿ ಮೊದಲಿನ ಆಕಾರಕ್ಕೆ ತಂದರು. ಮರುವರ್ಷ ತ್ರಿಕೋನಗಳು ಕನ್ಯಾಕುಮಾರಿಯ ಸಮೀಪವನ್ನು ಮುಟ್ಟಿದವು. ಅವರ ಜೀವನದಲ್ಲಿ ನಮ್ಮನ್ನು ಅತಿಯಾಗಿ ಸೆಳೆಯುವುದು ಈ ಆರು ವಾರಗಳು. ಬೇರೆಯವರು ಶ್ರೀರಂಗಪಟ್ಟಣದ ರಾತ್ರಿಯನ್ನೇ ಮೆಚ್ಚಿಕೊಂಡರೂ ನಮ್ಮ ತಕರಾರಿಲ್ಲ.

ಶಾಲೆಯ ಸಂಚಿಕೆಯಲ್ಲಿ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಅವರ ಕೆಳಗೆ ದುಡಿದ ಸಹಾಯಕರಲ್ಲಿ ಹೆಚ್ಚಿನವರು ಮದರಾಸಿನ ವೀಕ್ಷಣಾಲಯಕ್ಕೆ ಸೇರಿದ ಸರ್ವೇ ಶಾಲೆಯಲ್ಲಿ ಕಲಿತ ಹುಡುಗರು. 1794ರಲ್ಲಿ ಆರಂಭವಾದ ಆ ಶಾಲೆಗೆ ಅನಾಥಾಲಯದ ಮಕ್ಕಳನ್ನು ಆರಿಸಿ ತರುತ್ತಿದ್ದರು. ಯುರೋಪಿನ ಸೈನಿಕರಿಗೂ ಇಲ್ಲಿನ ತಾಯಂದಿರಿಗೂ ಹುಟ್ಟಿ, ಎರಡೂ ಸಮಾಜಗಳ ಅಂಚಿನಲ್ಲಿ ಬೆಳೆದವರೇ ಹೆಚ್ಚು. ಅವರಲ್ಲೊಬ್ಬರಾದ ಜೋಶುವಾ ಡಿ ಪೆನ್ನಿಂಗ್ ಬಾಲ್ಯದಲ್ಲೇ ಸೇರಿ, ಲ್ಯಾಂಬ್ಟನ್ ಅವರು ಕಣ್ಮುಚ್ಚುವವರೆಗೂ ಜೊತೆಗಿದ್ದರು. ಅಧಿಕಾರದ ಎತ್ತರದ ಹುದ್ದೆಗಳು ಇಂಥವರಿಗೆ ಮುಚ್ಚಿದ್ದವು. ಲ್ಯಾಂಬ್ಟನ್ ಅವರು ಅವರನ್ನು ತಮ್ಮ ಮನೆಯವರಂತೆ ಕಂಡರೆಂಬುದು ಜೊತೆಗಿದ್ದವರ ಸಾಕ್ಷ್ಯ. ತಾವೂ ಈ ನೆಲದಲ್ಲೇ ಸಂಸಾರ ಹೂಡಿದ್ದರು, ಮಕ್ಕಳಿದ್ದರು. ಇಂಗ್ಲೆಂಡಿಗೆ ಮರಳಿ ಹೋಗಲೇ ಇಲ್ಲ. ಮಾತು ಕಡಿಮೆ, ಉಡುಗೆ ಸರಳ, ವಾಸ ಡೇರೆಯಲ್ಲಿ.

ಹೆಸರು ತಡವಾಗಿ ಬಂತು. ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿದ ಮೇಲೆಯೇ ಸ್ವದೇಶದ ರಾಯಲ್ ಸೊಸೈಟಿಗೂ ಅವರ ನೆನಪಾದದ್ದು. 1818ರ ಜನವರಿ 1ರಂದು ಅವರ ಕಾರ್ಯ ಮದರಾಸಿನ ಆಡಳಿತದಿಂದ ಗವರ್ನರ್ ಜನರಲ್ಲರ ನೇರ ಅಧೀನಕ್ಕೆ ಬಂದು, ಭಾರತದ ಮಹಾ ತ್ರಿಕೋನಮಾಪನ ಸರ್ವೇಕ್ಷಣೆ ಎಂಬ ಹೆಸರು ಪಡೆಯಿತು. ಅದೇ ವರ್ಷ ಜಾರ್ಜ್ ಎವರೆಸ್ಟ್ ಎಂಬ ತರುಣ ಅಧಿಕಾರಿ ಸಹಾಯಕರಾಗಿ ಸೇರಿದರು. ಜಗತ್ತಿನ ಅತ್ಯುನ್ನತ ಶಿಖರಕ್ಕೆ 1865ರಲ್ಲಿ ಇಟ್ಟದ್ದು ಈ ಶಿಷ್ಯರ ಹೆಸರನ್ನು. ಗುರುವಿನ ಹೆಸರನ್ನು ಅಂಥ ಯಾವ ಶಿಖರಕ್ಕೂ ಇಡಲಿಲ್ಲ.

ಎಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ಎಡೆಬಿಡದ ಕೆಮ್ಮಿನಿಂದ ಕುಗ್ಗಿದ್ದರೂ, ಅವರು ಹೈದರಾಬಾದಿನಿಂದ ನಾಗಪುರದ ಕಡೆಗೆ ಶಿಬಿರದೊಂದಿಗೆ ಹೊರಟರು. ಅಷ್ಟು ಹೊತ್ತಿಗೆ ಅವರ ತ್ರಿಕೋನಗಳು ಸುಮಾರು 1,65,000 ಚದರ ಮೈಲಿ ನೆಲವನ್ನು ಆವರಿಸಿದ್ದವು. 1823ರ ಜನವರಿ 20ರಂದು, ಇಂದಿನ ಮಹಾರಾಷ್ಟ್ರದ ವಾರ್ಧಾ ಜಿಲ್ಲೆಯ ಹಿಂಗಣಘಾಟದಲ್ಲಿ, ಡೇರೆಯಲ್ಲೇ ತೀರಿಕೊಂಡರು. ಅಲ್ಲಿಯೇ ಅವರ ಸಮಾಧಿಯಿದೆ. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಆ ಊರಿನಲ್ಲಿ ಬಹುಕಾಲ ಅದನ್ನು ಕೇಳುವವರಿರಲಿಲ್ಲ. ತಂಜಾವೂರಿನಲ್ಲಿ ಪೆಟ್ಟು ತಿಂದು ಅವರ ಕೈಯಲ್ಲಿ ನೇರವಾದ ಯಂತ್ರವನ್ನು ಡಿ ಪೆನ್ನಿಂಗ್ ಮೊದಲಾದವರು ಎವರೆಸ್ಟ್ ಅವರಿಗೆ ಒಪ್ಪಿಸಿದರು, ಮತ್ತು ತ್ರಿಕೋನಗಳು ಹಿಮಾಲಯದ ಕಡೆಗೆ ನಡೆದವು.